ಕೆಟ್ಟಿದ್ದೇನೆ ಎಂದು ಹೇಳದ ಬೆಳಕು

ಕಳೆದ ಸೋಮವಾರ ನಾನು ಕೆಲಸ ಮಾಡುವ ಗಿರಣಿಗೆ ಬುತ್ತಿ ಒಯ್ಯಲೆಂದು ಅವ್ವನ ಹಳೆಯ ಹಾಟ್ ಬಾಕ್ಸನ್ನು ಮೇಲಿನಿಂದ ಇಳಿಸಿದೆ. ನೀಲಿ ಬಣ್ಣದ್ದು, ಒಂದು ಕಡೆಯ ಹಿಡಿಕೆ ಮುರಿದದ್ದು. ಮುಚ್ಚಳ ತಿರುವಿದಾಗ ಜೋಳದ ರೊಟ್ಟಿಯ ಹಳೆಯ ವಾಸನೆ ಬಂತು. ಅದರ ಹಿಂದೆಯೇ ಇಸ್ತ್ರಿ ಹಾಕಿದ ಹತ್ತಿ ಬಟ್ಟೆಯ ಬಿಸಿ ವಾಸನೆಯೂ ಬಂದಂತಾಯಿತು. ಅದು ಬಂದಿರಲಾರದು. ಮೂರು ಬೇಸಿಗೆ ದಾಟಿವೆ, ಅವ್ವ ಆ ಡಬ್ಬಿಯನ್ನು ಎಷ್ಟು ಸಲ ತಿಕ್ಕಿ ತೊಳೆದಿದ್ದಾಳೋ... ಆದರೂ ಬಂತು. ಈ ಡಬ್ಬಿಯಲ್ಲಿ ನಾವು ಒಮ್ಮೆ ಒಂದು ಫೋನನ್ನು ಬಿಸಿ ಆರದಂತೆ ಮುಚ್ಚಿಟ್ಟುಕೊಂಡು ಕೊಪ್ಪಳದಿಂದ ಗಂಗಾವತಿಯವರೆಗೆ ಬಸ್ಸಿನಲ್ಲಿ ಒಯ್ದಿದ್ದೆವು. ನಾನು ಮತ್ತು ನಮ್ಮ ಓಣಿಯ ಟೇಲರ್ ಅಕ್ಕ.

ಟೇಲರ್ ಅಕ್ಕನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಹತ್ತು ವರ್ಷದವರಿದ್ದಾಗ ಬಂದ ಜ್ವರ ಹೋಗುವಾಗ ಕಿವಿಯನ್ನೂ ತೆಗೆದುಕೊಂಡು ಹೋಗಿತ್ತಂತೆ. ಮಾತು ಉಳಿದಿತ್ತು. ತಮ್ಮ ದನಿ ತಮಗೇ ಕೇಳದ ಕಾರಣ ಅವರು ಯಾವಾಗಲೂ ತುಸು ಜೋರಾಗಿಯೇ ಮಾತಾಡುತ್ತಿದ್ದರು, ಗುಟ್ಟು ಹೇಳುವಾಗಲೂ. ಎದುರಿಗಿದ್ದವರ ತುಟಿ ನೋಡಿ ಮಾತನ್ನು ತಿಳಿಯುತ್ತಿದ್ದರು. ಹಾಗಾಗಿ ಬೀದಿಯ ಆಚೆ ನಿಂತು ಹೆಂಗಸರು ಆಡುವ ಮಾತೂ ಅವರಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ.

"ತೋಳ ಬಿಗಿ ಹೊಲದಾಳ ಅಂತ ಅಲ್ಲಿ ನಿಂತು ಹೇಳಬ್ಯಾಡ," ಎಂದು ಒಮ್ಮೆ ಮಷೀನಿನ ಮೇಲಿಂದಲೇ ಕೂಗಿದ್ದರು. "ಅಳತಿ ಕೊಟ್ಟಾಗ ನಿನ್ನ ತೋಳ ಎಷ್ಟಿತ್ತು, ಈಗ ಎಷ್ಟೈತಿ, ಬಾ ಇಲ್ಲಿ, ಟೇಪ್ ಹಿಡದು ತೋರಸ್ತೀನಿ!" ಓಣಿಯೆಲ್ಲ ನಕ್ಕಿತ್ತು. ಆ ಹೆಂಗಸೂ ನಕ್ಕಿದ್ದಳು.

ಅವರ ಅಂಗಡಿ ನಮ್ಮ ಮನೆಯ ಎದುರಿಗೇ ಇತ್ತು. ನಾಲ್ಕು ಕಡೆ ತಗಡು, ಮೇಲೂ ತಗಡು. ನಾನು ಆಗ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದೆ. ಕಾಲೇಜಿನಿಂದ ಬಂದವಳು ಗುಂಡಿ ಹಚ್ಚುತ್ತಾ, ಕಾಜಾ ಮಾಡುತ್ತಾ ಅವರ ಹತ್ತಿರ ಕೂಡುತ್ತಿದ್ದೆ. ಅವರ ಹೊಸ ಫೋನಿನಲ್ಲಿ ಫ್ಲ್ಯಾಶ್ ಮಿನುಗುವ ಹಾಗೆ ಮಾಡಿಕೊಟ್ಟವಳು ನಾನೇ. ಕರೆ ಬಂದಾಗ ಕ್ಯಾಮೆರಾದ ಪಕ್ಕದ ದೀಪ ಪಟಪಟನೆ ಹತ್ತಿ ಆರುವಂಥ ಒಂದು ಅನುಕೂಲ ಫೋನುಗಳಲ್ಲಿ ಇರುತ್ತದೆ. ಕಿವಿ ಕೇಳುವವರು ಅದರ ಕಡೆ ನೋಡುವುದಿಲ್ಲ. ಅಕ್ಕ ಫೋನನ್ನು ಮಷೀನಿನ ಹಲಗೆಯ ಮೇಲೆ ಬೋರಲು ಹಾಕಿಡುತ್ತಿದ್ದರು. ದೀಪ ಹತ್ತಿದರೆ ಎದುರಿನ ತಗಡೆಲ್ಲ ಬೆಳ್ಳಗಾಗುತ್ತಿತ್ತು. ಸೂಜಿಯ ಮೇಲಿನ ಕಣ್ಣನ್ನು ಎತ್ತುವ ಅಗತ್ಯವೇ ಇರಲಿಲ್ಲ. ಫೋನಿನ ನಡುಕ ಅವರ ಉಪಯೋಗಕ್ಕೆ ಬರುತ್ತಿರಲಿಲ್ಲ. ಮಷೀನು ಓಡುವಾಗ ಆ ಹಲಗೆಯೇ ನಡುಗುತ್ತಿತ್ತಲ್ಲ.

ಆ ಬೆಳಕು ಹೆಚ್ಚಾಗಿ ಒಬ್ಬಳಿಗಾಗಿಯೇ ಇತ್ತು. ಅಕ್ಕನ ತಂಗಿಯನ್ನು ಗಂಗಾವತಿ ಕಡೆಯ ನವಲಿ ಎಂಬ ಊರಿಗೆ ಕೊಟ್ಟಿತ್ತು. ನೆಲ್ಲು ನಾಟಿಗೆ, ಕಳೆಗೆ ಹೋಗುವವಳು, ಅಕ್ಷರ ಬಾರದವಳು. ಅವಳ ಗುಂಡಿ ಫೋನಿನಲ್ಲಿ ಎರಡನ್ನು ಒತ್ತಿ ಹಿಡಿದರೆ ಅಕ್ಕನಿಗೆ ಹೋಗುವಂತೆ ಯಾರೋ ಮಾಡಿಕೊಟ್ಟಿದ್ದರು. ದಿನವೂ ಸಂಜೆ ಹೊಲದಿಂದ ಬಂದು, ಉಂಡು, ಅವಳು ಆ ಗುಂಡಿ ಒತ್ತಿ ಕೂಡಲೇ ಬಿಟ್ಟುಬಿಡುತ್ತಿದ್ದಳು. ಇಲ್ಲಿ ತಗಡು ಒಮ್ಮೆ ಮಿಂಚಿ ನಿಲ್ಲುತ್ತಿತ್ತು. ನಾನು ಛಲೋ ಅದೀನಿ ಎಂದು ಅದರ ಅರ್ಥ. ಅಕ್ಕ ಕೂಡಲೇ ತಿರುಗಿ ಕರೆ ಮಾಡಿ ಕತ್ತರಿಸುತ್ತಿದ್ದರು. ನಾನೂ ಛಲೋ ಅದೀನಿ.

"ಮಾತಾಡಿದ್ರ ನನಗ ಕೇಳಂಗಿಲ್ಲ, ಬರದು ಕಳಿಸಿದ್ರ ಆಕಿಗೆ ಓದಾಕ ಬರಂಗಿಲ್ಲ," ಎಂದು ಅಕ್ಕ ನಗುತ್ತಿದ್ದರು. "ನಮ್ಮಿಬ್ಬರ ಮಾತು ಬರೇ ಬೆಳಕಿನ್ಯಾಗ ನಡದೈತಿ ನೋಡವಾ. ಜಗಳಾಡಾಕೂ ಬರಂಗಿಲ್ಲ."

ತಂಗಿಗೆ ಎದೆಯ ತೊಂದರೆ ಇತ್ತು. ಗಂಗಾವತಿಯ ಡಾಕ್ಟರು ಗುಳಿಗೆ ಕೊಟ್ಟು, ಉಸಿರು ಹಿಡಿದರೆ ತಡ ಮಾಡದೆ ಬರಬೇಕು ಎಂದಿದ್ದರು. ಹಾಗಾಗಿ ಅಕ್ಕ ತಂಗಿಯರ ನಡುವೆ ಇನ್ನೊಂದು ಮಾತು ಆಗಿತ್ತು. ಬೆಳಕು ನಿಲ್ಲದೆ ಮಿನುಗಿದರೆ, ಬಾ ಎಂದು ಅರ್ಥ. ಅದನ್ನು ಅಕ್ಕ ಒಮ್ಮೆಯೂ ನೋಡಿರಲಿಲ್ಲ. ನೋಡುವುದು ಬೇಡವೆಂದು ದೇವರ ಜಗಲಿಯ ಮುಂದೆ ಹೇಳಿಕೊಳ್ಳುತ್ತಿದ್ದರು, ಅದೂ ಜೋರಾಗಿ.

ಏಪ್ರಿಲಿನ ಒಂದು ಸಂಜೆ ಅಂಗಡಿ ಮುಚ್ಚುವಾಗ ಅಕ್ಕ ಫೋನನ್ನು ತಿರುವಿ ನೋಡಿ ಹಾಗೇ ನಿಂತರು. ತಂಗಿಯ ಕರೆ ಮಧ್ಯಾಹ್ನವೇ ಬಂದು ಹೋಗಿತ್ತು. ಬಿಸಿಲು ಜಾಸ್ತಿಯೆಂದು ಆ ದಿನ ಕೆಲಸ ಬೇಗ ಬಿಟ್ಟಿತ್ತಂತೆ. ಪರದೆಯ ಮೇಲೆ ಕರೆಯ ಗುರುತು ಇತ್ತು. ಬೆಳಕು ಮಾತ್ರ ಬಂದಿರಲಿಲ್ಲ.

"ಇದು ನನಗ ಹೇಳಲೇ ಇಲ್ಲವಾ," ಎಂದರು. ನಂಬಿದ ಮನುಷ್ಯರ ಬಗ್ಗೆ ಹೇಳುವ ಹಾಗೆ.

ಲೆಕ್ಕ ಬರೆದಿಡುವುದು ನನಗೆ ಚಿಕ್ಕಂದಿನಿಂದ ಬಂದ ರೂಢಿ. ಮಳೆ ಬಂದ ದಿನ, ಕರೆಂಟು ಹೋದ ಹೊತ್ತು, ಎಲ್ಲವನ್ನೂ ಬರೆಯುತ್ತಿದ್ದೆ. ಮರುದಿನದಿಂದ ಡೈರಿಯಲ್ಲಿ ಈ ಫೋನಿಗೂ ಒಂದು ಜಾಗ ಮಾಡಿದೆ. ದಿನಾಂಕ, ಹೊತ್ತು, ಚಾರ್ಜಿಗೆ ಹಾಕಿತ್ತೋ ಇಲ್ಲವೋ, ಬೆಳಕು ಬಂತೋ ಇಲ್ಲವೋ. ನಮ್ಮ ಕಟ್ಟೆಯ ಮೇಲೆ ಕುಳಿತು ನಾನು ಕರೆ ಮಾಡುವುದು, ಅಂಗಡಿಯ ಒಳಗಿನಿಂದ ಅಕ್ಕ ಕೂಗುವುದು.

"ಬಂತು!"

"ಈಗ?"

"ಬಂತು!"

ಮಧ್ಯಾಹ್ನ ಏರಿದ ಮೇಲೆ, "ಇಲ್ಲ! ಇಲ್ಲವಾ, ಕುರುಡಾಗೈತಿ!"

ಶೇಂಗಾ ಮಾರುವ ಅಜ್ಜ ತನ್ನ ಗಾಡಿ ನಿಲ್ಲಿಸಿ ಇದನ್ನು ನೋಡುತ್ತಿದ್ದ. "ಏನ್ರವಾ, ದಿನಾ ಫ್ಲ್ಯಾಶ್ ಹೊಡೀತೀರಿ, ಲಗ್ನದ ಫೋಟೋ ತೆಗಸಾಕ ಹತ್ತೀರೇನು? ಹುಡುಗ ಎಲ್ಲಿ ಅದಾನ?" ಎಂದ.

ಅಕ್ಕ ಅವನ ತುಟಿ ನೋಡಿಯೇ ಬಿಟ್ಟಿದ್ದರು. "ನೀನ ಹುಡುಗ! ಹಲ್ಲ ಕಟ್ಟಿಸ್ಕೊಂಡು ಬಾ ಮೊದ್ಲ!"

ಎರಡು ವಾರ ಬರೆದ ಮೇಲೆ ಸಾಲುಗಳು ತಾವೇ ಹೇಳಿದವು. ಬೆಳಿಗ್ಗೆ ಎಲ್ಲ ಸರಿ. ಮಧ್ಯಾಹ್ನ ತಗಡು ಕಾದು, ಫೋನು ಚಾರ್ಜಿನಲ್ಲೂ ಇದ್ದರೆ ಬೆಳಕಿಲ್ಲ. ಮೊಬೈಲಿನ ಒಳಗನ್ನು ಬಲ್ಲವರು ಕೂಡುವ ಒಂದು ಜಾಲತಾಣದಲ್ಲಿ ಕೇಳಿದೆ. ಅಲ್ಲಿ ಗುರುತಿಲ್ಲದ ಒಬ್ಬರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಫ್ಲ್ಯಾಶಿಗೆ ವಿದ್ಯುತ್ತು ಕೊಡಲು ಒಂದು ಸಣ್ಣ ಚಿಪ್ ಇರುತ್ತದೆ. ಬಿಸಿ ಹೆಚ್ಚಾದರೆ, ಎಲ್ಲೋ ಶಾರ್ಟ್ ಆದರೆ, ಅದು ದೀಪವನ್ನು ಉಳಿಸಲು ತಾನೇ ಆರಿಸುತ್ತದೆ, ಯಾಕೆ ಆರಿಸಿದೆ ಎಂದು ತನ್ನೊಳಗೆ ಒಂದು ಗುರುತು ಹಾಕಿಕೊಳ್ಳುತ್ತದೆ. ಆ ಚಿಪ್ಪನ್ನು ನಡೆಸುವ ತಂತ್ರಾಂಶಕ್ಕೆ ಡ್ರೈವರ್ ಎನ್ನುತ್ತಾರೆ. ಡ್ರೈವರ್ ಹೋಗಿ ಆ ಗುರುತನ್ನು ಓದಬೇಕು, ಓದಿ ಮೇಲಿನವರಿಗೆ, ಎಂದರೆ ಪರದೆಯನ್ನು ನಡೆಸುವ ತಂತ್ರಾಂಶಕ್ಕೆ, ತಿಳಿಸಬೇಕು. ಈ ಚಿಪ್ಪಿನಲ್ಲಿ ಒಮ್ಮೆ ಓದಿದ ಗುರುತು ಅಳಿದುಹೋಗುತ್ತದೆ. ಅಕ್ಕನ ಫೋನಿನಲ್ಲಿ ಡ್ರೈವರ್ ಗುರುತನ್ನು ಓದುತ್ತಿತ್ತು, ಅಳಿಸುತ್ತಿತ್ತು, ಒಳಗಿನ ದಾಖಲೆಯಲ್ಲಿ ಕೆಲ ಹೊತ್ತು ಮಾತ್ರ ಉಳಿಯುವ ಒಂದು ಸಾಲು ಗೀಚಿ ಸುಮ್ಮನಾಗುತ್ತಿತ್ತು, ಯಾರಿಗೂ ಹೇಳುತ್ತಿರಲಿಲ್ಲ. ಫೋನಿನ ಮಟ್ಟಿಗೆ ದೀಪ ಹತ್ತಿದಂತೆಯೇ ಲೆಕ್ಕ.

ಇದನ್ನು ನಾನು ಅಕ್ಕನಿಗೆ ನಿಧಾನವಾಗಿ, ತುಟಿ ಕಾಣುವಂತೆ ಹೇಳಿದೆ.

"ದೀಪ ಕೆಡ್ಲಿ, ಅದಕ್ಕೂ ಬಿಸಿಲು ಹತ್ತತೈತಿ," ಎಂದರು. "ಕೆಟ್ಟೀನಿ ಅಂತ ಹೇಳಬಾರದೇನು? ಹೇಳಿದ್ರ ನಾ ಎದ್ದು ನೋಡ್ತೀನಿ. ಕತ್ತಲಿದ್ರ ನಾ ಏನಂತ ತಿಳ್ಕೊಳ್ಳಲಿ? ಯಾರೂ ಮಾಡಿಲ್ಲ ಅಂತ ತಿಳ್ಕೊಂತೀನಿ."

ಫೋನಿಗೆ ಗ್ಯಾರಂಟಿ ಇನ್ನೂ ಇತ್ತು. ದೋಷವಿದೆ ಎಂದು ಕಂಪನಿಯವರು ಬರೆದುಕೊಟ್ಟರೆ ಬದಲಿ ಸಿಗುತ್ತಿತ್ತು. ಒಂದು ಸಲ, ಬೆಳಕು ಬಾರದ ಕೂಡಲೇ ಫೋನಿನ ಒಳಗಿನ ದಾಖಲೆಯನ್ನು ತೆಗೆದಾಗ, ಫ್ಲ್ಯಾಶ್ ದೋಷ ಎಂಬ ಒಂದೇ ಒಂದು ಸಾಲು ಸಿಕ್ಕಿತ್ತು. ಅದನ್ನೂ ನನ್ನ ಡೈರಿಯ ಸಾಲುಗಳನ್ನೂ ಸೇರಿಸಿ ಕಂಪನಿಗೆ ಬರೆದೆ. ಹತ್ತಿರದ ಸರ್ವಿಸ್ ಸೆಂಟರಿಗೆ ಹೋಗಿ ಎಂದು ಉತ್ತರ ಬಂತು.

ಗಂಗಾವತಿಯ ಸರ್ವಿಸ್ ಸೆಂಟರಿನ ಕೋಣೆಗೆ ಕಾಲಿಟ್ಟ ಕೂಡಲೇ ನನಗೆ ತಿಳಿಯಿತು, ಇಲ್ಲಿ ದೋಷ ಕಾಣುವುದಿಲ್ಲ ಎಂದು. ಒಳಗೆ ಎ.ಸಿ. ಇತ್ತು. ಫೋನು ಆರಿ ತಣ್ಣಗಾಗಿತ್ತು. ಅಲ್ಲಿನ ಹುಡುಗ ಹತ್ತು ಸಲ ಕರೆ ಮಾಡಿದ, ಹತ್ತು ಸಲವೂ ಬೆಳಕು ಬಂತು. ಅವನು ತಲೆ ತಗ್ಗಿಸಿ ಬರೆಯುತ್ತಲೇ ಏನೋ ಹೇಳುತ್ತಿದ್ದ.

"ಮುಖ ಮ್ಯಾಲೆತ್ತಿ ಮಾತಾಡ್ರಿ ಸಾಹೇಬ್ರ, ನನಗ ತುಟಿ ಕಾಣಬೇಕು," ಎಂದರು ಅಕ್ಕ.

ಅವನು ಗಾಬರಿಯಾಗಿ ಮುಖ ಎತ್ತಿದ. "ಏನೂ ಆಗಿಲ್ರಿ ಅಮ್ಮಾ. ಫೋನ್ ಛಲೋ ಐತ್ರಿ."

ಕಾಗದದ ಮೇಲೆ ಬರೆದಿತ್ತು: ದೋಷ ಕಂಡುಬಂದಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಅಕ್ಕ ಆ ಕಾಗದವನ್ನು ಮಡಚುತ್ತ ಬಿಚ್ಚುತ್ತ ಕುಳಿತಿದ್ದರು. ಕೊಪ್ಪಳ ಹತ್ತಿರ ಬಂದಾಗ ನನ್ನ ತೊಡೆ ತಟ್ಟಿ, "ನಿಮ್ಮವ್ವನ ಹಾಟ್ ಬಾಕ್ಸ್ ಐತಲ್ಲ?" ಎಂದರು.

ಆ ಉಪಾಯ ಅಕ್ಕನದೇ. ಮರುವಾರ, ಬೆಳಕು ಬಾರದ ಸ್ಥಿತಿಗೆ ಫೋನು ಬಂದ ಮೇಲೆ, ಅವರು ಒಂದು ಹಳೆಯ ಹತ್ತಿ ಸೀರೆಯ ತುಂಡಿಗೆ ಇಸ್ತ್ರಿ ಹಾಕಿದರು. ಬಿಸಿ ಬಟ್ಟೆಯಲ್ಲಿ ಫೋನನ್ನು ಸುತ್ತಿ, ರೊಟ್ಟಿಯ ಹಾಗೆ ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿದರು. ದೋಷ ಆರದಂತೆ ಒಯ್ಯುವುದು! ಬಸ್ಸಿನಲ್ಲಿ ಪಕ್ಕದ ಹೆಂಗಸು ಡಬ್ಬಿಯ ಕಡೆ ನೋಡಿ, "ಏನ್ ಬುತ್ತಿ ಕಟ್ಟೀರಿ?" ಎಂದು ಕೇಳಿದಳು. ಅಕ್ಕ ಗಂಭೀರವಾಗಿ, "ಬದನಿಕಾಯಿ ಎಣ್ಣಿಗಾಯಿ," ಎಂದರು. ಆಮೇಲೆ ಕಿಟಕಿಯ ಕಡೆ ತಿರುಗಿ ಹೆಗಲು ಕುಣಿಸುತ್ತಾ ನಕ್ಕರು. ಅವರು ಹಾಗೆ ನಕ್ಕದ್ದನ್ನು ಆಮೇಲೆ ನಾನು ನೋಡಲಿಲ್ಲ.

ಸರ್ವಿಸ್ ಸೆಂಟರಿನ ಬಾಗಿಲಿನ ಹೊರಗೇ ಡಬ್ಬಿ ತೆರೆದು ನಾನು ಕರೆ ಮಾಡಿದೆ. ಬೆಳಕಿಲ್ಲ. ಅಕ್ಕ ಎರಡೂ ಕೈ ಎತ್ತಿ ಮುಗಿದರು. ಒಳಗೆ ಓಡಿ ಹುಡುಗನ ಮುಂದೆ ಇಟ್ಟೆವು. ಅವನು ಫೋನು ಮುಟ್ಟಿ ಕೈ ಹಿಂದಕ್ಕೆ ತೆಗೆದ.

"ಇಷ್ಟ ಬಿಸಿ ಮಾಡಿ ತಂದೀರಲ್ರಿ? ಬ್ಯಾಟರಿ ಉಬ್ಬಿದ್ರ ಏನ್ ಮಾಡ್ತೀರಿ?"

"ನಮ್ಮ ಅಂಗಡ್ಯಾಗ ಇದು ಇಷ್ಟ ಬಿಸಿ ಇರತೈತ್ರಿ," ಎಂದೆ. "ಈಗ ನೋಡ್ರಿ, ಬೆಳಕು ಬರಾಂಗಿಲ್ಲ. ಈಗ ನೋಡ್ರಿ."

"ಹಂಗ ನೋಡಾಕ ಬರಂಗಿಲ್ರಿ. ಫೋನ್ ತಣ್ಣಗಾಗಿ, ಬಂದ್ ಮಾಡಿ ಚಾಲೂ ಮಾಡಿ ಆಮ್ಯಾಲ ಟೆಸ್ಟ್ ಮಾಡಬೇಕಂತ ರೂಲ್ಸ್ ಐತಿ. ನಾ ಏನ್ ಮಾಡ್ಲಿ?"

ಅವನು ಕೆಟ್ಟವನಲ್ಲ. ನಮಗೆ ಕುರ್ಚಿ ಕೊಟ್ಟ, ನೀರು ಕೊಟ್ಟ. ಫೋನನ್ನು ಎ.ಸಿ.ಯ ಕೆಳಗಿಟ್ಟ. ಅದು ಆರುವುದನ್ನು ನಾವಿಬ್ಬರೂ ಕುಳಿತು ನೋಡಿದೆವು. ಬೆಂಕಿ ಹತ್ತಿದ್ದನ್ನು ನೋಡುವವರ ಹಾಗೆ ಅಕ್ಕ ಕಣ್ಣು ಕೀಳದೆ ನೋಡುತ್ತಿದ್ದರು. ಆಮೇಲೆ ಅವನು ಬಂದ್ ಮಾಡಿ ಚಾಲೂ ಮಾಡಿದ, ಕರೆ ಮಾಡಿದ. ಕೋಣೆಯ ಬಿಳಿ ಗೋಡೆ ಮಿಂಚಿತು. ಮತ್ತೆ ಅದೇ ಕಾಗದ, ಅದೇ ಮಾತು.

ಬೇರೆ ದಾರಿಗಳನ್ನೂ ಯೋಚಿಸಿದ್ದೆವು. ಆಗಾಗ ಪರದೆ ತಿರುವಿ ನೋಡಿ ಎಂದಿದ್ದೆ. "ಕಣ್ಣ ಸೂಜಿ ಮ್ಯಾಲ ಇರಬೇಕೋ ಫೋನ್ ಮ್ಯಾಲ ಇರಬೇಕೋ?" ಎಂದು ಬೆರಳು ತೋರಿಸಿದ್ದರು, ಉಗುರಿನಲ್ಲಿ ಸೂಜಿ ಹೊಕ್ಕ ಕಲೆ ಹಸಿಯಾಗಿಯೇ ಇತ್ತು. ಕೆಲವು ದಿನ ಫೋನನ್ನು ನೀರಿನ ಗಡಿಗೆಯ ಪಕ್ಕ ಇಟ್ಟರು. ಅಲ್ಲಿ ತಂಪಿಗೆ ಬೆಳಕು ಸರಿಯಾಗಿ ಬರುತ್ತಿತ್ತು. ಇನ್ನು ಚಿಂತೆಯಿಲ್ಲ ಎಂದುಕೊಂಡೆವು.

ಮೇ ತಿಂಗಳು ಲಗ್ನಗಳ ಕಾಲ. ಅಕ್ಕನ ಮುಂದೆ ಬ್ಲೌಸುಗಳ ರಾಶಿ ಇತ್ತು. ಆ ದಿನ ಬೆಳಿಗ್ಗೆಯಿಂದ ಕರೆಂಟು ಇರಲಿಲ್ಲ, ಫೋನಿನ ಚಾರ್ಜು ಮುಗಿಯುತ್ತ ಬಂದಿತ್ತು. ಮಧ್ಯಾಹ್ನ ಕರೆಂಟು ಬಂದ ಕೂಡಲೇ ಅಕ್ಕ ಫೋನನ್ನು ಗಡಿಗೆಯ ಹತ್ತಿರದಿಂದ ತಂದು, ಮಷೀನಿನ ಪಕ್ಕದಲ್ಲಿದ್ದ ಒಂದೇ ಸ್ವಿಚ್ಚಿಗೆ ಹಾಕಿ ಹೊಲಿಯಲು ಕುಳಿತರು. ನಾನು ಪರೀಕ್ಷೆಗೆ ಹೋಗಿದ್ದೆ.

ನವಲಿಯಲ್ಲಿ ತಂಗಿಗೆ ಉಸಿರು ಹಿಡಿದಿತ್ತು. ಅವಳ ಮಗಳು ಎರಡನ್ನು ಒತ್ತಿ ಹಿಡಿದಳು. ಗಂಗಾವತಿಯ ಆಸ್ಪತ್ರೆಗೆ ಟಂಟಂ ಆಟೋದಲ್ಲಿ ಒಯ್ಯುವಾಗಲೂ ಒತ್ತುತ್ತಲೇ ಇದ್ದಳಂತೆ. ಇಲ್ಲಿ ತಗಡಿನ ಮೇಲೆ ಏನೂ ಕಾಣಲಿಲ್ಲ. ಅಕ್ಕ ಯಾರದೋ ಮದುಮಗಳ ಬ್ಲೌಸಿಗೆ ತೋಳು ಹಚ್ಚುತ್ತಿದ್ದರು. ಸಂಜೆ ಹೊತ್ತಿಗೆ ಕೊಪ್ಪಳದಲ್ಲಿದ್ದ ಸಂಬಂಧಿಕರೊಬ್ಬರು ಬೈಕಿನಲ್ಲಿ ಬಂದು ಅಂಗಡಿಯ ಮುಂದೆ ನಿಂತು ಕೈಸನ್ನೆ ಮಾಡಿದಾಗಲೇ ಅವರಿಗೆ ತಿಳಿದದ್ದು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ತಂಗಿಯ ಮುಖಕ್ಕೆ ಬಟ್ಟೆ ಎಳೆದಿದ್ದರು. ಕರೆ ಕಂಡು ಕೂಡಲೇ ಹೊರಟಿದ್ದರೂ ಜೀವ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಆದರೆ ಎರಡು ತಾಸು ಅವಳಿಗೆ ಎಚ್ಚರವಿತ್ತು. ಅಕ್ಕ ಬಂದಳೇನು ಎಂದು ಕೇಳುತ್ತಿದ್ದಳಂತೆ...

ತಂಗಿಯ ದಿನಕರ್ಮಗಳೆಲ್ಲ ಮುಗಿದ ಮೇಲೆ ಅಕ್ಕ ಅಂಗಡಿ ಖಾಲಿ ಮಾಡಲು ಬಂದರು. ತಂಗಿಯ ಮಕ್ಕಳನ್ನು ನೋಡಿಕೊಳ್ಳಲು ನವಲಿಯಲ್ಲೇ ಇರುವುದೆಂದು ತೀರ್ಮಾನವಾಗಿತ್ತು. ನಮ್ಮ ಕಟ್ಟೆಯ ಮೇಲೆ ಕುಳಿತು ಫೋನನ್ನು ನನ್ನ ಕೈಗಿಟ್ಟರು.

"ಅವತ್ತ ಯಾಕ ಬೆಳಕು ಬರ್ಲಿಲ್ಲ ಅಂತ ಇದರಾಗ ಬರದಿರತೈತಲ್ಲ? ನೋಡವಾ."

ನಾನು ದಾಖಲೆ ತೆಗೆದೆ. ನನಗೆ ಮೊದಲೇ ಗೊತ್ತಿತ್ತು. ಚಿಪ್ಪಿನೊಳಗಿನ ಗುರುತು ಆಗಲೇ ಅಳಿದಿರುತ್ತದೆ, ದಾಖಲೆಯಲ್ಲಿ ಹಳೆಯ ಸಾಲುಗಳ ಜಾಗಕ್ಕೆ ಹೊಸವು ಬಂದಿರುತ್ತವೆ. ಆದರೂ ಮೊದಲಿನಿಂದ ಕೊನೆಯವರೆಗೆ ಹುಡುಕಿದೆ. ಅಕ್ಕ ನನ್ನ ತುಟಿಯನ್ನೇ ನೋಡುತ್ತಿದ್ದರು.

"ಇಲ್ರಿ ಅಕ್ಕಾರ," ಎಂದೆ.

"ಬರದಿಲ್ಲೋ, ಇಲ್ಲ ಅಂತ ಬರದೈತೋ?"

ನಾನು ಮತ್ತೊಮ್ಮೆ ದಾಖಲೆಯ ಮೊದಲಿನಿಂದ ಬೆರಳು ಆಡಿಸಿದೆ. ಅವರು ಫೋನು ತೆಗೆದುಕೊಂಡು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡರು. ಮಷೀನನ್ನು ಗಾಡಿಗೆ ಹೇರಿಸಲು ಶೇಂಗಾ ಅಜ್ಜ ಬಂದು ಕೈ ಹಚ್ಚಿದ.

ಓದು ಮುಗಿದ ಮೇಲೆ ನನಗೆ ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಕೆಲಸ ಸಿಕ್ಕಿತು. ಕ್ಯಾಮೆರಾದಿಂದ ನೋಡಿ ಕೆಟ್ಟ ಅಕ್ಕಿಯನ್ನು ಬೇರೆ ಮಾಡುವ ಯಂತ್ರವನ್ನು ನೋಡಿಕೊಳ್ಳುತ್ತೇನೆ. ಅದರೊಳಗಿನ ಒಂದು ದೀಪ ಮಂಕಾದರೂ ಪರದೆಯ ಮೇಲೆ ಕೆಂಪು ಗುರುತು ಮೂಡಿ, ಗಂಟೆ ಬಾರಿಸಿ, ಇಂಥ ದೀಪ ಕೆಟ್ಟಿದೆ ಎಂದು ಹೇಳುತ್ತದೆ. ಅಕ್ಕಿಯ ಕಾಳಿಗೆ ಅಷ್ಟು ಎಚ್ಚರಿಕೆ. ಇಲ್ಲಿಂದ ನವಲಿ ದೂರವಲ್ಲ. ಮೊದಲ ವರ್ಷ ಎರಡು ಸಲ ಹೋಗಿ ಅಕ್ಕನನ್ನು ನೋಡಿ ಬಂದಿದ್ದೆ. ಮನೆಯ ಮುಂದಿನ ಪಡಸಾಲೆಯಲ್ಲಿ ಹೊಲಿಯುತ್ತಿದ್ದರು. ಫೋನು ಮಕ್ಕಳ ಕೈಯಲ್ಲಿತ್ತು. ಫ್ಲ್ಯಾಶ್ ಬಂದ್ ಮಾಡಿಸಿದ್ದರು. ಏನಾದರೂ ಹೇಳಬೇಕಿದ್ದರೆ ತಂಗಿಯ ಮಗಳು ಬಂದು ಭುಜ ಮುಟ್ಟುತ್ತಿದ್ದಳು. "ಇದು ಛಲೋ," ಎಂದಿದ್ದರು ಅಕ್ಕ. "ಮುಟ್ಟಿದ್ರ ಮುಟ್ಟಿದ್ದು ಖರೆ ಇರತೈತಿ."

ಹೋದ ತಿಂಗಳು ಕಂಪನಿಯಿಂದ ಮಿಂಚಂಚೆ ಬಂತು. ನಾನು ಮರೆತೇಬಿಟ್ಟಿದ್ದ ದೂರಿಗೆ ಉತ್ತರ. ಬಿಸಿಯಿಂದ ಫ್ಲ್ಯಾಶ್ ನಿಂತಾಗ ಅದನ್ನು ಬಳಕೆದಾರರಿಗೆ ತಿಳಿಸದೇ ಇದ್ದದ್ದು ಡ್ರೈವರಿನ ಕೊರತೆ ಎಂದು ಒಪ್ಪಿದ್ದರು. ಹೊಸ ಫೋನುಗಳಲ್ಲಿ ಅದನ್ನು ಸರಿಪಡಿಸಿದ್ದಾರಂತೆ. ನಿಮ್ಮ ಮಾದರಿಗೆ ಇದು ಅನ್ವಯಿಸುವುದಿಲ್ಲ, ವಿವರವಾದ ವರದಿಗೆ ಧನ್ಯವಾದ ಎಂದು ಕೊನೆಯಲ್ಲಿತ್ತು.

ಅದನ್ನು ಕನ್ನಡದಲ್ಲಿ ಬರೆದುಕೊಂಡೆ. ಅಕ್ಕನಿಗೆ ಓದಲು ಬರುತ್ತಿತ್ತಲ್ಲ, ತಾವೇ ಓದಲಿ ಎಂದು. ದೋಷ ಕಂಡುಬಂದಿದೆ. ಈ ಎರಡು ಶಬ್ದಗಳನ್ನು ಅವರ ಕೈಗೆ ಕೊಡಬೇಕೆಂದು ಭಾನುವಾರ ನವಲಿಗೆ ಹೋದೆ.

ಪಡಸಾಲೆಯಲ್ಲಿ ಮಷೀನಿನ ಮೇಲೆ ಬಟ್ಟೆ ಹೊದಿಸಿತ್ತು. ತಂಗಿಯ ಗಂಡ ಹೊರಗೆ ಬಂದು ನನ್ನನ್ನು ಗುರುತು ಹಿಡಿಯಲು ತುಸು ಹೊತ್ತು ತೆಗೆದುಕೊಂಡ.

"ನಿಮಗ ಗೊತ್ತಿಲ್ಲೇನ್ರಿ?" ಎಂದ. "ಹೋದ ಮಳಿಗಾಲದಾಗ ಅಕ್ಕಾರಿಗೆ ಕಾಮಣಿ ಆಗಿ ಮೈಯೆಲ್ಲ ಹಳದಿ ಆಗಿತ್ರಿ. ಭಾಳ ದಿನ ಇರ್ಲಿಲ್ಲ. ನಿಮಗ ತಿಳಸ್ರಿ ಅಂತ ಅಂದಿದ್ರು. ನಿಮ್ಮ ನಂಬರ ಅವರ ಫೋನಿನ್ಯಾಗ ಇತ್ರಿ, ಆ ಫೋನ್ ಸತ್ತು ಬಿದ್ದಿತ್ತು. ಮತ್ತ ಹೆಂಗ ತಿಳಸೂದು?"

ಸುದ್ದಿಯಿಲ್ಲ ಎಂದರೆ ಅಕ್ಕ ಛಲೋ ಅದಾರ ಎಂದು ನಾನು ತಿಳಿದುಕೊಂಡಿದ್ದೆ. ಮಗಳು ಚಹಾ ತಂದಳು, ಕುಡಿದೆ. ಬರೆದುಕೊಂಡು ಹೋದ ಕಾಗದವನ್ನು ಚೀಲದಿಂದ ತೆಗೆಯಲಿಲ್ಲ.

ಅಕ್ಕ ಹೋದ ದಿನ ಯಾವುದೆಂದು ಮಾತ್ರ ಕೇಳಿಕೊಂಡು ಬಂದೆ. ಗಂಗಾವತಿಯ ನನ್ನ ಕೋಣೆಗೆ ಬಂದು, ಕಳೆದ ವರ್ಷದ ಡೈರಿ ತೆಗೆದೆ. ಆ ದಿನದ ಪುಟದಲ್ಲಿ ಮಳೆ ಎಷ್ಟು ಹೊತ್ತು ಬಂತು ಎಂದಿದೆ, ಗಿರಣಿಯ ಯಂತ್ರದಲ್ಲಿ ಯಾವ ದೀಪ ಬದಲಿಸಿದೆ ಎಂದಿದೆ. ಅದರ ಕೆಳಗೆ, ನನ್ನದೇ ಅಕ್ಷರದಲ್ಲಿ, ಇನ್ನೊಂದು ಸಾಲು: ಇವತ್ತು ವಿಶೇಷ ಏನೂ ಇಲ್ಲ.